ಹಿತ್ತಲಿನ ಕಸಕ್ಕೆ ಬೆಂಕಿ: ಹಚ್ಚುವ ಮೊದಲಿಂದ ಬೂದಿ ತಣಿಯುವವರೆಗೆ

ಚಳಿ ಇಳಿದು ಎಲೆ ಉದುರಲು ಶುರುವಾದ ಕೂಡಲೇ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. "ಸಂಜೆ ನೀರು ಹಾಕಿ ಆರಿಸಿದ್ದೆವು, ಮರುದಿನ ಮಧ್ಯಾಹ್ನ ಬೇಲಿ ಹೊತ್ತಿಕೊಂಡಿತು, ಹೇಗೆ?" "ಎಷ್ಟು ಸಲ ಹಚ್ಚಿದರೂ ಬರೀ ಹೊಗೆ, ಉರಿಯೋದೇ ಇಲ್ಲ." "ನಮ್ಮದೇ ಜಾಗದಲ್ಲಿ ಸುಟ್ಟರೂ ದಂಡ ಹಾಕ್ತಾರಾ?"

ಉತ್ತರ ಕೊಟ್ಟರೂ ಮುಂದಿನ ವರ್ಷ ಅದೇ ತಪ್ಪು. ಹೆಚ್ಚಿನವರು ಹಚ್ಚುವ ಮೊದಲಿನ ತಯಾರಿಯನ್ನೂ ಉರಿ ಇಳಿದ ಮೇಲಿನ ಕೆಲಸವನ್ನೂ ಬಿಟ್ಟುಬಿಡುತ್ತಾರೆ. ಅನಾಹುತ ಆಗುವುದು ಅಲ್ಲೇ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಪಟ್ಟಣದಲ್ಲಿ ಇರುವವರು ಮೊದಲ ಎರಡು ಹಂತ ಓದಿದರೆ ಸಾಕು, ನಿಮಗೆ ಉಳಿದದ್ದರ ಅಗತ್ಯ ಬೀಳುವುದಿಲ್ಲ.

## 1. ಸುಡಬಹುದಾ ಎಂದು ಮೊದಲು ತಿಳಿದುಕೊಳ್ಳಿ

ಪಟ್ಟಣ, ನಗರದಲ್ಲಿ ಸುಡಬೇಡಿ. ತೋಟದ ಕಸವನ್ನು ಬೇರೆಯಾಗಿ ಇಟ್ಟು ಸ್ಥಳೀಯ ಸಂಸ್ಥೆ ಹೇಳಿದ ಹಾಗೆ ವಿಲೇವಾರಿ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಬಂದಿತ್ತು. ರಸ್ತೆ, ಖಾಲಿ ಸೈಟು, ಚರಂಡಿ, ಕೆರೆಯ ದಂಡೆಯಲ್ಲಿ ಕಸ ಸುಡುವುದಕ್ಕೂ ಅದೇ ನಿಯಮದಲ್ಲೇ ನಿಷೇಧ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿತು. ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಎಂದು ಪರಿಹಾರ ಮೊತ್ತವನ್ನೂ ಗೊತ್ತುಮಾಡಿತು. "ಬರೀ ಎಲೆ ತಾನೇ" ಎಂದು ಪೌರಕಾರ್ಮಿಕರಿಂದ ಗುಡಿಸಿದ ರಾಶಿಗೆ ಬೆಂಕಿ ಹಾಕಿಸುವ ಅಪಾರ್ಟ್‌ಮೆಂಟಿನವರೂ ಇದಕ್ಕೆ ಒಳಪಡುತ್ತಾರೆ. ಆ ಹೊಗೆಯನ್ನು ಮೊದಲು ಕುಡಿಯುವುದು ಪಕ್ಕದಲ್ಲೇ ನಿಂತ ಕಾರ್ಮಿಕರು. ದಯವಿಟ್ಟು ಅವರ ಕೈಯಲ್ಲಿ ಈ ಕೆಲಸ ಮಾಡಿಸಬೇಡಿ.

ಹಳ್ಳಿಯಲ್ಲಿ ಪಂಚಾಯಿತಿಯನ್ನು ಕೇಳಿ. ನಿಷೇಧದ ಮಾತು ಹಳ್ಳಿಯ ಕಸಕ್ಕೂ ಸಲ್ಲುತ್ತದೆ. ಆದರೆ ರೋಗ ಬಂದ ಬಳ್ಳಿ, ಹುಳ ಹಿಡಿದ ಗಿಡ ಇದ್ದರೆ ಸುಟ್ಟು ನಾಶ ಮಾಡಿ ಎಂದು ಕೃಷಿ ಮತ್ತು ತೋಟಗಾರಿಕೆ ಇಲಾಖೆಯವರೇ ಹೇಳುವುದುಂಟು. ಅಂಥ ಸಂದರ್ಭ ಇದ್ದರೆ ಗ್ರಾಮ ಪಂಚಾಯಿತಿಗೆ ಒಂದು ಮಾತು ತಿಳಿಸಿ. ಅಕ್ಕಪಕ್ಕದ ಮನೆಗಳಿಗೂ ಹಿಂದಿನ ದಿನವೇ ಹೇಳಿ. ಆಸ್ತಮಾ ಇರುವ ಅಜ್ಜಿ, ಎಳೆ ಮಗು ಇರುವ ಮನೆ ಗಾಳಿ ಬೀಸುವ ಕಡೆ ಇದ್ದರೆ ಅವತ್ತು ಸುಡಬೇಡಿ.

ಕಾಡಿನ ಅಂಚಿನಲ್ಲಿದ್ದರೆ ಅರಣ್ಯ ಇಲಾಖೆಗೆ ಹೇಳದೆ ಕಡ್ಡಿ ಗೀರಬೇಡಿ. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಭಯಾರಣ್ಯಕ್ಕೆ ಬೆಂಕಿ ಬಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಸೇರಿಕೊಳ್ಳುತ್ತದೆ. ಫೆಬ್ರವರಿಯಿಂದ ಮೊದಲ ದೊಡ್ಡ ಮಳೆಯವರೆಗೆ ಕಾಡಂಚಿನ ತೋಟದವರು ಸುಡುವ ಯೋಚನೆಯನ್ನೇ ಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದದ್ದು ಇದೇ ಕಾಲದಲ್ಲಿ.

ಇನ್ನೊಂದು ವಿಷಯ. ಅಜಾಗರೂಕತೆಯಿಂದ ಬೆಂಕಿ ಬಳಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅನುಮತಿ ಇದ್ದರೂ ಬೆಂಕಿ ಹತೋಟಿ ತಪ್ಪಿದರೆ ಹೊಣೆ ಹಚ್ಚಿದವರದ್ದೇ.

## 2. ಸುಡದೆ ಮುಗಿಯುವುದನ್ನೆಲ್ಲ ಬೇರೆ ತೆಗೆಯಿರಿ

ಹಿತ್ತಲಿನ ಕಸದಲ್ಲಿ ನಿಜಕ್ಕೂ ಸುಡಬೇಕಾದದ್ದು ಬಹಳ ಕಡಿಮೆ. ರಾಶಿಯನ್ನು ಕೈಯಾರೆ ವಿಂಗಡಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಒಣ ಎಲೆ, ಅಂದರೆ ದರಕು ಅಥವಾ ತರಗು, ಅಡಿಕೆ, ತೆಂಗು, ಬಾಳೆಯ ಬುಡಕ್ಕೆ ಹೊದಿಕೆಯಾಗಿ ಹೋಗಲಿ. ಬೇಸಿಗೆಯಲ್ಲಿ ಬುಡದ ತೇವ ಉಳಿಯುತ್ತದೆ, ಕಳೆಯೂ ಕಡಿಮೆಯಾಗುತ್ತದೆ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಿ. ಕೊಟ್ಟಿಗೆ ಇರುವವರು ದನದ ಕಾಲಡಿಗೆ ಹಾಕಿದರೆ ಗೊಬ್ಬರವೇ ಆಗಿಬಿಡುತ್ತದೆ.

ಹೊದಿಕೆಗೂ ಮಿಕ್ಕಿದ್ದನ್ನು ಕಾಂಪೋಸ್ಟ್ ಮಾಡಿ. ಎಲೆ ಅರ್ಧ ಅಡಿ ಹರಡಿ, ಮೇಲೆ ಸೆಗಣಿ ನೀರು ಚಿಮುಕಿಸಿ, ಮತ್ತೆ ಎಲೆ. "ವರ್ಷವಾದರೂ ಎಲೆ ಹಾಗೇ ಇದೆ" ಎನ್ನುವವರ ರಾಶಿಯಲ್ಲಿ ಸಾಮಾನ್ಯವಾಗಿ ಸೆಗಣಿಯೂ ಇರುವುದಿಲ್ಲ, ತೇವವೂ ಇರುವುದಿಲ್ಲ. ಒಣ ಎಲೆ ಕೊಳೆಯಲು ಸೆಗಣಿ, ಹಸಿ ಹುಲ್ಲು ಅಥವಾ ಅಡುಗೆಮನೆಯ ತರಕಾರಿ ಸಿಪ್ಪೆ ಜೊತೆಗೆ ಬೇಕೇ ಬೇಕು. ಒಂದು ಹಿಡಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು.

ತೆಂಗಿನ ಮಟ್ಟೆ, ಕರಟ, ಸಣ್ಣ ಕೊಂಬೆಗಳನ್ನು ಬಚ್ಚಲ ಒಲೆಗೆ ಒಟ್ಟಿಡಿ. ಗರಿಯ ಕಡ್ಡಿ ಪೊರಕೆಗೆ ಆಗುತ್ತದೆ. ಅಡಿಕೆ ಹಾಳೆಯನ್ನು ತಟ್ಟೆ ಮಾಡುವವರು ಕೊಳ್ಳುತ್ತಾರೆ. ತೆಂಗಿನ ಸಿಪ್ಪೆಯನ್ನಂತೂ ಸುಡಲೇಬೇಡಿ. ಅದು ಉರಿಯುವುದು ಕಡಿಮೆ, ಒಳಗೊಳಗೇ ದಿನಗಟ್ಟಲೆ ಕನಲುತ್ತದೆ. ತೆಂಗಿನ ಸಾಲಿನ ನಡುವೆ ಕಾಲುವೆ ತೆಗೆದು ಹೂತರೆ ನೀರು ಹಿಡಿದಿಡುತ್ತದೆ.

ಕೊನೆಗೆ ಉಳಿಯುವುದು ಇಷ್ಟೇ: ಸೊರಗು ರೋಗದಿಂದ ಸತ್ತ ಮೆಣಸಿನ ಬಳ್ಳಿ, ಬಿಳಿ ಕಾಂಡಕೊರಕ ಹೊಕ್ಕ ಕಾಫಿ ಗಿಡ, ಕೊಳೆರೋಗದ ಅಡಿಕೆ ಗೊನೆ, ಕೀಟ ತುಂಬಿದ ಕೊಂಬೆ, ಎಲ್ಲೂ ಹಾಕಲಾಗದ ಮುಳ್ಳು. ರೋಗದ ಕಸವನ್ನು ಕಾಂಪೋಸ್ಟ್ ಗುಂಡಿಗೆ ಹಾಕಿದರೆ ರೋಗ ತೋಟಕ್ಕೇ ವಾಪಸ್ ಬರಬಹುದು. ಮುಂದಿನ ಹಂತಗಳೆಲ್ಲ ಈ ಸಣ್ಣ ರಾಶಿಗೆ ಮಾತ್ರ.

## 3. ಬೆಂಕಿಗೆ ಹೋಗಲೇಬಾರದ ವಸ್ತುಗಳು

ಪ್ಲಾಸ್ಟಿಕ್, ಥರ್ಮಾಕೋಲ್, ಟಯರ್, ನರ್ಸರಿ ಕವರ್, ಗೊಬ್ಬರದ ಚೀಲ, ಔಷಧಿ ಹೊಡೆದ ಡಬ್ಬಿ ಯಾವುದೂ ಬೇಡ. ಪಿವಿಸಿ ಪೈಪ್ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಬರುತ್ತದೆ, ಡಯಾಕ್ಸಿನ್‌ನಂಥ ವಿಷವೂ ಹುಟ್ಟುತ್ತದೆ. ಬಣ್ಣ ಬಳಿದ ಮರ, ಪ್ಲೈವುಡ್ ಕೂಡ ಬೇಡ. ಸ್ಪ್ರೇ ಡಬ್ಬಿ, ಲೈಟರ್, ಬ್ಯಾಟರಿ ಸಿಡಿಯುತ್ತವೆ.

ಗಿಡಗಳಲ್ಲೂ ಎಚ್ಚರ ಬೇಕು. ಕೇರು, ಹೊಲಿಗೇರು ಮರದ ಸೊನೆ ತಾಗಿದರೆ ಮೈ ಬಾತುಕೊಳ್ಳುವುದು ಮಲೆನಾಡಿನವರಿಗೆ ಗೊತ್ತು. ಸುಟ್ಟಾಗ ಅದೇ ಅಂಶ ಹೊಗೆಯ ಜೊತೆ ಮುಖಕ್ಕೆ, ಕಣ್ಣಿಗೆ, ಗಂಟಲಿಗೆ ಹೋಗುತ್ತದೆ. ಗೋಡಂಬಿ ಬೀಜದ ಸಿಪ್ಪೆಯ ಹೊಗೆಯೂ ಹಾಗೇ ಉರಿ ತರುತ್ತದೆ. ಕಣಗಿಲೆ ಇಡೀ ಗಿಡವೇ ವಿಷ, ಹೊಗೆಯೂ ಅಷ್ಟೇ. ಇವುಗಳನ್ನು ಕಡಿದು ದೂರದಲ್ಲಿ ಹೂತುಬಿಡಿ.

ಬಿದಿರನ್ನು ಇಡಿಯಾಗಿ ಹಾಕಬೇಡಿ. ಗಂಟುಗಳ ನಡುವಿನ ಗಾಳಿ ಕಾದು ಪಟಾಕಿಯಂತೆ ಸಿಡಿಯುತ್ತದೆ, ಕೆಂಡ ದೂರ ಹಾರುತ್ತದೆ. ಮೊದಲೇ ಸೀಳಿಡಿ.

## 4. ಜಾಗ ಆರಿಸಿ, ಗುಂಡಿ ತೆಗೆಯಿರಿ

ಮನೆ, ಕೊಟ್ಟಿಗೆ, ಹುಲ್ಲಿನ ಬಣವೆ, ಸೋಗೆ ಮಾಡು, ವಾಹನ, ಗ್ಯಾಸ್ ಸಿಲಿಂಡರ್ ಇವುಗಳಿಂದ ಕನಿಷ್ಠ 50 ಅಡಿ ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ಅಲ್ಲಿ ಸುಡಬೇಡಿ, ರಾಶಿ ಚಿಕ್ಕದು ಮಾಡಿದರೂ ಬೇಡ.

ತಲೆ ಎತ್ತಿ ನೋಡಿ. ಮೇಲೆ ವಿದ್ಯುತ್ ತಂತಿ, ಮರದ ಕೊಂಬೆ ಇರಬಾರದು. ಆಮೇಲೆ ನೆಲ ನೋಡಿ. ದರಕಿನ ಅಡಿಯಲ್ಲಿ ಡ್ರಿಪ್ ಪೈಪ್, ಪಂಪಿನ ಕೇಬಲ್ ಹಾದುಹೋಗಿರುತ್ತದೆ. ಸುಡುವ ಆತುರದಲ್ಲಿ ಡ್ರಿಪ್ ಲೈನ್ ಕರಗಿಸಿಕೊಂಡವರು ಎಷ್ಟೋ ಜನ.

ಮರದ ಬುಡದಲ್ಲಿ, ಹಳೇ ಕುತ್ತಿಯ ಮೇಲೆ ಸುಡಬೇಡಿ. ಒಣ ಬೇರಿಗೆ ಬೆಂಕಿ ಹಿಡಿದರೆ ಮಣ್ಣಿನ ಒಳಗೇ ನಿಧಾನವಾಗಿ ಹರಿದು, ದಿನಗಳ ನಂತರ ಬೇರೆ ಕಡೆ ಎದ್ದು ಬರುತ್ತದೆ. ಗುಡ್ಡದ ಬುಡವೂ ಬೇಡ. ಮೇಲೆ ಒಣ ಹುಲ್ಲಿದ್ದರೆ ಬೆಂಕಿ ಇಳಿಜಾರನ್ನು ಏರುವ ವೇಗಕ್ಕೆ ಮನುಷ್ಯ ಓಡಲಾರ.

ಮೂರು ಅಡಿ ಅಗಲ, ಎರಡು ಅಡಿ ಆಳದ ಗುಂಡಿ ಸಾಕು. ತೆಗೆದ ಮಣ್ಣನ್ನು ದೂರ ಎಸೆಯಬೇಡಿ, ಪಕ್ಕದಲ್ಲೇ ಗುಡ್ಡೆ ಹಾಕಿ, ಬೆಂಕಿ ಹರಡಿದರೆ ಅದೇ ಬೇಕಾಗುತ್ತದೆ. ಗುಂಡಿಯ ಸುತ್ತ ಹತ್ತು ಅಡಿ ಹುಲ್ಲು, ಎಲೆ, ಬೇರು ಕೆರೆದು ಬರೀ ಮಣ್ಣು ಕಾಣುವಂತೆ ಮಾಡಿ. ಗುಡಿಸಿದರೆ ಸಾಲದು, ಗುದ್ದಲಿಯಿಂದ ಕೆರೆಯಬೇಕು. ಹೊಳೆಯ ಉರುಟು ಕಲ್ಲುಗಳನ್ನು ಸುತ್ತ ಜೋಡಿಸುವುದು ತಪ್ಪು. ಒಳಗೆ ನೀರಿನ ಅಂಶ ಇದ್ದ ಕಲ್ಲು ಕಾದರೆ ಒಡೆದು ಚೂರು ಹಾರುತ್ತದೆ.

## 5. ಸಾಮಾನು ಮತ್ತು ಜನ

- ನೀರು: ಒಂದು ಡ್ರಮ್ ತುಂಬ, ಜೊತೆಗೆ ಎರಡು ಬಕೆಟ್. ಪಂಪಿನ ಪೈಪ್ ನಂಬಿ ಕೂರಬೇಡಿ, ಕರೆಂಟ್ ಹೋಗುವುದು ಅದೇ ಹೊತ್ತಿಗೆ ಆಗಬಹುದು.
- ಗುದ್ದಲಿ, ಉದ್ದ ಹಿಡಿಯ ರೇಕ್ ಅಥವಾ ಕವೆಗೋಲು.
- ಹಸಿ ಸೊಪ್ಪಿನ ಎರಡು ಕೊಂಬೆ. ಹುಲ್ಲಿಗೆ ತಾಗಿದ ಸಣ್ಣ ಉರಿಯನ್ನು ಬಡಿದು ಆರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.
- ಚಾರ್ಜ್ ಇರುವ, ಸಿಗ್ನಲ್ ಸಿಗುವ ಫೋನು.

ಹತ್ತಿಯ ಬಟ್ಟೆ, ಕಾಲು ಮುಚ್ಚುವ ಬೂಟು ಹಾಕಿ. ನೈಲಾನ್ ಸೀರೆ, ಪಾಲಿಯೆಸ್ಟರ್ ನೈಟಿ ಬೇಡ. ಬೆಂಕಿ ತಾಗಿದರೆ ಅವು ಕರಗಿ ಮೈಗೇ ಅಂಟುತ್ತವೆ. ಸೆರಗು, ದುಪಟ್ಟಾ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಗುಡಿಸಿ ಸುಡುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರ ಪಾಲಿಗೆ ಬರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಬಗ್ಗಿ ಊದುವಾಗ ಹಿಂದಿನಿಂದ ಸೆರಗು ಜಾರುವುದು ಯಾರಿಗೂ ಗೊತ್ತಾಗುವುದಿಲ್ಲ.

ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರು ನೀರು ತರಲು ಹೋದಾಗ ಇನ್ನೊಬ್ಬರು ಬೆಂಕಿಯ ಬಳಿ ನಿಲ್ಲಬೇಕಲ್ವಾ?

## 6. ದಿನ ಮತ್ತು ಹೊತ್ತು

ಮಳೆಗಾಲ ಮುಗಿದು ನೆಲದಲ್ಲಿ ಇನ್ನೂ ತೇವ ಇರುವ ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಕಸ ಒಣಗಿರಬೇಕು, ಸುತ್ತಲಿನ ಹುಲ್ಲು ಹಸಿರಾಗಿರಬೇಕು. ಬೇಸಿಗೆಯಲ್ಲಿ ಇದು ತಿರುಗಾಮುರುಗಾ ಆಗುತ್ತದೆ, ಸುತ್ತಲಿನದೆಲ್ಲ ಒಣಗಿ ಕಾಯುತ್ತಿರುತ್ತದೆ.

ಹೊತ್ತಿನ ವಿಷಯದಲ್ಲಿ ಎರಡು ಕಡೆಯಿಂದ ತಪ್ಪು ಮಾಡುತ್ತಾರೆ. ಮಂಜು ಮುಸುಕಿದ ಬೆಳಗಿನ ಜಾವ ಹಚ್ಚಿದರೆ ತಣ್ಣನೆಯ ಗಾಳಿ ಹೊಗೆಯನ್ನು ಮೇಲೇಳಲು ಬಿಡುವುದಿಲ್ಲ, ಅದು ಊರಿನ ಮೇಲೇ ಹರಡಿ ನಿಲ್ಲುತ್ತದೆ. ಮಧ್ಯಾಹ್ನ ಹಚ್ಚಿದರೆ ಗಾಳಿ ಏಳುತ್ತದೆ. ಕರಾವಳಿಯಲ್ಲಿ ಹೊತ್ತು ಏರಿದಂತೆ ಕಡಲ ಗಾಳಿ ಶುರುವಾಗಿ ದಿಕ್ಕೇ ತಿರುಗುತ್ತದೆ. ಮಂಜು ಕರಗಿದ ಮೇಲೆ, ಸುಮಾರು ಎಂಟೂವರೆಗೆ ಹಚ್ಚಿ ಹನ್ನೊಂದರೊಳಗೆ ಪೂರ್ತಿ ಆರಿಸಿ. ಸಂಜೆ ಹಚ್ಚುವ ರೂಢಿ ಬಿಡಿ. ಕತ್ತಲಾದ ಮೇಲೆ ಬೂದಿಯನ್ನು ಸರಿಯಾಗಿ ಕೆದಕಿ ನೋಡುವವರು ಯಾರೂ ಇಲ್ಲ.

ಗಾಳಿ ನೋಡಲು ಗುಂಡಿಯ ಪಕ್ಕ ಒಂದು ಊದುಬತ್ತಿ ಹಚ್ಚಿ. ಹೊಗೆ ನೇರ ಮೇಲೇಳಬೇಕು, ಅಥವಾ ಸ್ವಲ್ಪ ಒಂದೇ ಕಡೆ ವಾಲಬೇಕು. ನೆಲಕ್ಕೆ ಮಲಗಿ ಓಡುತ್ತಿದ್ದರೆ, ಅಡಿಕೆ ಮರದ ತಲೆ ತೂಗುತ್ತಿದ್ದರೆ ಅವತ್ತು ಕೆಲಸ ಬಿಡಿ.

## 7. ಹಚ್ಚುವುದು, ಉಣಿಸುವುದು

ಹಚ್ಚುವ ಮೊದಲು ರಾಶಿಯನ್ನು ಪೂರ್ತಿ ಮಗುಚಿ ಹಾಕಿ. ವಾರದಿಂದ ಬಿದ್ದಿರುವ ರಾಶಿಯಲ್ಲಿ ಹಾವು, ಕಪ್ಪೆ, ಹಲ್ಲಿ, ಚೇಳು ಮನೆ ಮಾಡಿರುತ್ತವೆ. ಉದ್ದ ಕೋಲಿನಿಂದ ಕೆದಕಿ, ಅವು ಹೋಗಲು ಸಮಯ ಕೊಡಿ. ಅವುಗಳ ಜೀವಕ್ಕೂ ನಿಮ್ಮ ಕೈಗೂ ಇದು ಒಳ್ಳೆಯದು.

ಸೀಮೆಎಣ್ಣೆ, ಪೆಟ್ರೋಲ್, ಡೀಸೆಲ್ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೇ ನಿಮ್ಮ ಕಾಲಿನವರೆಗೆ ಹರಿದು ಬಂದಿರುತ್ತದೆ. ಕಡ್ಡಿ ಗೀರಿದ ಕ್ಷಣ ಬೆಂಕಿ ಗುಂಡಿಯಲ್ಲಿ ಅಲ್ಲ, ನಿಮ್ಮ ಸುತ್ತ ಹೊತ್ತುತ್ತದೆ. ಎಣ್ಣೆ ಹಾಕದೆ ಹೊತ್ತುತ್ತಿಲ್ಲ ಎಂದರೆ ಕಸ ಒಣಗಿಲ್ಲ ಎಂದೇ ಅರ್ಥ. ಒಂದು ವಾರ ಬಿಸಿಲಿಗೆ ಹರಡಿ.

ಬರೀ ಹೊಗೆ ಬರುವುದಕ್ಕೆ ಮುಖ್ಯ ಕಾರಣ ರಾಶಿ ಒಟ್ಟುವ ರೀತಿ. ಎಲ್ಲವನ್ನೂ ಒಟ್ಟಿಗೆ ತುಂಬಿ ಬುಡದಲ್ಲಿ ಬೆಂಕಿ ಇಡುತ್ತೇವೆ. ಮೇಲಿನ ಭಾರಕ್ಕೆ ಗಾಳಿಯಾಡದೆ ಎಲೆ ಬೇಯುತ್ತದೆ, ಉರಿಯುವುದಿಲ್ಲ. ಹೀಗೆ ಮಾಡಿ: ದಪ್ಪ ಕೊಂಬೆಗಳನ್ನು ಗುಂಡಿಯ ತಳದಲ್ಲಿ ಅಡ್ಡಡ್ಡ ಜೋಡಿಸಿ, ಮೇಲೆ ತೆಳುವಾದದ್ದು, ತುದಿಯಲ್ಲಿ ಒಂದು ಹಿಡಿ ಒಣ ಎಲೆ. ಬೆಂಕಿಯನ್ನು ಮೇಲಿನಿಂದ ಹಚ್ಚಿ. ಉರಿ ಕೆಳಕ್ಕೆ ಇಳಿಯುತ್ತದೆ. ಕೆಳಗಿನಿಂದ ಏಳುವ ಹೊಗೆ ಆ ಉರಿಯ ಮೂಲಕವೇ ಹೋಗಬೇಕಾದ್ದರಿಂದ ಬಹಳಷ್ಟು ಅಲ್ಲೇ ಸುಟ್ಟುಹೋಗುತ್ತದೆ.

ಆಮೇಲೆ ಸ್ವಲ್ಪ ಸ್ವಲ್ಪವೇ ಹಾಕಿ. ಒಂದು ತೆಕ್ಕೆ ಉರಿದು ಕೆಂಡವಾದ ಮೇಲೆ ಇನ್ನೊಂದು. ಉರಿ ನಿಮ್ಮ ಸೊಂಟಕ್ಕಿಂತ ಎತ್ತರ ಏಳಬಾರದು. ಎಲೆಯನ್ನು ಬುಟ್ಟಿಗಟ್ಟಲೆ ಸುರಿದರೆ ಉರಿಯುವ ಎಲೆಗಳೇ ಗಾಳಿಯಲ್ಲಿ ಮೇಲೇರಿ ದೂರ ಹೋಗಿ ಬೀಳುತ್ತವೆ. ಗಾಳಿ ಬರುವ ಕಡೆಯಿಂದ ನಿಂತು ಹಾಕಿ, ಹೊಗೆ ಹೋಗುವ ಕಡೆ ನಿಲ್ಲಬೇಡಿ.

ಕರಾವಳಿಯಲ್ಲಿ ಮಲ್ಲಿಗೆ, ತರಕಾರಿಗೆ ಸುಡುಮಣ್ಣು ಮಾಡುವ ಕ್ರಮ ಬೇರೆ. ಅಲ್ಲಿ ಕಸದ ಮೇಲೆ ಮಣ್ಣು ಮುಚ್ಚಿ ಬೇಕೆಂದೇ ನಿಧಾನವಾಗಿ ಕನಲಲು ಬಿಡುತ್ತಾರೆ, ಅದನ್ನು ಕಾಯಲು ಜನ ಇರುತ್ತಾರೆ. ರೋಗದ ಕಸ ಸುಡುವಾಗ ಆ ಕ್ರಮ ಅನುಸರಿಸಬೇಡಿ. ಇಲ್ಲಿ ಬೇಕಾದದ್ದು ಚುರುಕಾದ ಸಣ್ಣ ಉರಿ.

## 8. ಅಪಾಯದ ಸೂಚನೆಗಳು

ದಪ್ಪ ಬಿಳಿ ಹೊಗೆ ಬಂದರೆ ಕಸ ಹಸಿ ಇದೆ. ಹೊಸದು ಹಾಕುವುದು ನಿಲ್ಲಿಸಿ. ಕಪ್ಪು ಹೊಗೆ, ಮೂಗಿಗೆ ಚುಚ್ಚುವ ವಾಸನೆ ಬಂದರೆ ಪ್ಲಾಸ್ಟಿಕ್ ಸೇರಿಕೊಂಡಿದೆ, ಕವೆಗೋಲಿನಿಂದ ಎಳೆದು ತೆಗೆಯಿರಿ. ಹೊಗೆ ರಸ್ತೆಗೆ ಅಡ್ಡ ಬಂದರೆ ತಕ್ಷಣ ಆರಿಸಿ, ಬೈಕಿನವರಿಗೆ ಎದುರು ಕಾಣುವುದಿಲ್ಲ. ಗಾಳಿಯ ದಿಕ್ಕು ಬದಲಾದರೆ, ಕಿಡಿ ಕೆರೆದ ಮಣ್ಣಿನ ಗಡಿ ದಾಟಿ ಬಿದ್ದರೆ ಅಲ್ಲಿಗೇ ಮುಗಿಸಿ.

ಬೆಂಕಿ ಗಡಿ ದಾಟಿದರೆ ಮೊದಲು ಫೋನ್ ಮಾಡಿ, ಆಮೇಲೆ ಬಡಿಯಿರಿ. ಅಗ್ನಿಶಾಮಕಕ್ಕೆ 101 ಅಥವಾ 112, ಕಾಡಿನ ಕಡೆ ಹೋದರೆ ಅರಣ್ಯ ಸಹಾಯವಾಣಿ 1926. ನಾಚಿಕೆಯಿಂದ, ದಂಡದ ಹೆದರಿಕೆಯಿಂದ ತಡ ಮಾಡುವುದೇ ಸಣ್ಣ ಬೆಂಕಿ ದೊಡ್ಡದಾಗಲು ಕಾರಣ. ಮೊಣಕಾಲಿಗಿಂತ ಎತ್ತರದ ಉರಿ ಹುಲ್ಲಿನಲ್ಲಿ ಓಡುತ್ತಿದ್ದರೆ ಅದರ ಎದುರು ನಿಲ್ಲಬೇಡಿ. ಇಳಿಜಾರಿನಲ್ಲಿ ಬೆಂಕಿಗಿಂತ ಮೇಲೆ ಯಾವತ್ತೂ ಹೋಗಬೇಡಿ.

ಬಟ್ಟೆಗೆ ಬೆಂಕಿ ಹಿಡಿದರೆ ಓಡಬಾರದು. ನೆಲಕ್ಕೆ ಬಿದ್ದು ಉರುಳಬೇಕು, ಇನ್ನೊಬ್ಬರು ಕಂಬಳಿ ಅಥವಾ ದಪ್ಪ ಹತ್ತಿ ಬಟ್ಟೆ ಸುತ್ತಬೇಕು. ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಹರಿಯಲಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ, ಮಂಜುಗಡ್ಡೆ ಏನೂ ಬೇಡ. ಗುಳ್ಳೆ ಒಡೆಯಬೇಡಿ, ಅಂಟಿದ ಬಟ್ಟೆ ಕೀಳಬೇಡಿ. ಬಳೆ, ಉಂಗುರ ಬಾವು ಬರುವ ಮೊದಲೇ ತೆಗೆಯಿರಿ. ಒಗೆದ ಬಟ್ಟೆ ಹೊದಿಸಿ 108ಕ್ಕೆ ಕರೆ ಮಾಡಿ. ಮುಖ, ಕೈ ಸುಟ್ಟಿದ್ದರೆ, ಹೊಗೆ ಕುಡಿದು ಕೆಮ್ಮು ನಿಲ್ಲದಿದ್ದರೆ ಗಾಯ ಸಣ್ಣದು ಅನ್ನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

## 9. ಆರಿಸುವುದು

ಇಲ್ಲಿ ನಿಧಾನ ಮಾಡಿ. ಬೇಲಿಗೆ ಬೆಂಕಿ ಹೋಯಿತು ಎಂದು ಬರೆಯುವವರಲ್ಲಿ ಹೆಚ್ಚಿನವರು ಎಡವಿದ್ದು ಈ ಹಂತದಲ್ಲಿ.

ಎಲ್ಲರೂ ಮಾಡುವುದು ಎರಡು ಕೆಲಸ. ಒಂದು ಬಕೆಟ್ ನೀರು ಮೇಲಿಂದ ಸುರಿಯುತ್ತಾರೆ, ಅಥವಾ ಮಣ್ಣು ಮುಚ್ಚಿ ಬರುತ್ತಾರೆ. ಮೇಲಿಂದ ಸುರಿದ ನೀರು ಬೂದಿಯ ಮೇಲ್ಪದರವನ್ನು ಕೆಸರು ಮಾಡುತ್ತದೆ, ಕೆಳಗಿನ ಕೆಂಡಕ್ಕೆ ತಲುಪುವುದೇ ಇಲ್ಲ. ಮಣ್ಣು ಮುಚ್ಚಿದರೆ ಇನ್ನೂ ಕೆಟ್ಟದು. ಕೆಂಡಕ್ಕೆ ಗಾಳಿ ಕಡಿಮೆಯಾಗಿ ಅದು ಹೆಚ್ಚು ಹೊತ್ತು ಬದುಕುತ್ತದೆ. ಮೇಲೆ ನೋಡಿದರೆ ಬರೀ ಮಣ್ಣು. ಮಕ್ಕಳು, ನಾಯಿ, ಕರು ಅದರ ಮೇಲೆ ಕಾಲಿಟ್ಟು ಸುಟ್ಟುಕೊಳ್ಳುತ್ತವೆ. ಮರುದಿನ ಗಾಳಿ ಮಣ್ಣಿನ ಪದರ ಸರಿಸಿದರೆ ಕೆಂಡ ಮತ್ತೆ ಕಣ್ಣು ಬಿಡುತ್ತದೆ.

ಸರಿಯಾದ ಕ್ರಮ ಇದು:

1. ಮುಗಿಸುವ ಒಂದು ಗಂಟೆ ಮೊದಲೇ ಹೊಸ ಕಸ ಹಾಕುವುದು ನಿಲ್ಲಿಸಿ. ಎಲ್ಲವೂ ಕೆಂಡವಾಗಲಿ.
2. ದಪ್ಪ ಕೊಳ್ಳಿಗಳನ್ನು ಬೇರೆ ಎಳೆದು ಒಂದೊಂದಾಗಿ ನೀರಿನಲ್ಲಿ ಮುಳುಗಿಸಿ.
3. ಕೆಂಡವನ್ನು ಗುಂಡಿಯ ಒಳಗೇ ತೆಳುವಾಗಿ ಹರಡಿ.
4. ಅಂಚಿನಿಂದ ನಡುವಿಗೆ ನಿಧಾನವಾಗಿ ನೀರು ಹಾಕಿ. ಒಮ್ಮೆಲೇ ಸುರಿದರೆ ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ.
5. ಗುದ್ದಲಿಯಿಂದ ತಳದವರೆಗೆ ಮಗುಚಿ. ಮತ್ತೆ ನೀರು, ಮತ್ತೆ ಮಗುಚಿ. ಚುಂಯ್ ಎಂಬ ಸದ್ದು, ಹಬೆ ಎರಡೂ ನಿಲ್ಲುವವರೆಗೆ ಇದೇ.
6. ಅಂಗೈಯ ಹಿಂಬದಿಯನ್ನು ಬೂದಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿಯಿರಿ. ಬಿಸಿ ತಾಗದಿದ್ದರೆ ಇನ್ನೂ ಕೆಳಗೆ ತನ್ನಿ, ಕೊನೆಗೆ ಮುಟ್ಟಿ ನೋಡಿ. ಮುಟ್ಟಲು ಆಗದಷ್ಟು ಬಿಸಿ ಇದ್ದರೆ ಬಿಟ್ಟು ಹೋಗಲೂ ಆಗದು.

ಗುಂಡಿಯ ಸುತ್ತ ಒಂದು ಸುತ್ತು ಹಾಕಿ, ಕೆರೆದ ಗಡಿಯ ಆಚೆ ಕಿಡಿ ಬಿದ್ದಿದೆಯಾ ನೋಡಿ. ಮಧ್ಯಾಹ್ನ ಗಾಳಿ ಎದ್ದ ಮೇಲೆ ಒಮ್ಮೆ, ಸಂಜೆ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಬನ್ನಿ. ಅವತ್ತು ಮದುವೆಗೆ, ಪೇಟೆಗೆ ಹೋಗುವುದಿದ್ದರೆ ಸುಡುವ ದಿನವನ್ನೇ ಮುಂದೂಡಿ.

## 10. ಬೂದಿ

ಎರಡು ದಿನ ಬಿಟ್ಟು ಬೂದಿ ತೆಗೆಯಿರಿ. ಕಬ್ಬಿಣದ ಬಕೆಟ್‌ಗೆ ಹಾಕಿ ಬಯಲಲ್ಲಿ ಇಡಿ. ಪ್ಲಾಸ್ಟಿಕ್ ಬುಟ್ಟಿ, ಗೋಣಿಚೀಲ, ಸೌದೆ ಕೊಟ್ಟಿಗೆ ಬೇಡ.

ಬೂದಿಯಲ್ಲಿ ಪೊಟ್ಯಾಶ್ ಇದೆ, ಅದು ಕ್ಷಾರ ಗುಣದ್ದು. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ತೆಳುವಾಗಿ ಎರಚಿದರೆ ಒಳ್ಳೆಯದು. ಬಯಲುಸೀಮೆಯ ಕ್ಷಾರದ ಕಪ್ಪು ಮಣ್ಣಿಗೆ ಹಾಕಬೇಡಿ. ಯೂರಿಯಾ ಅಥವಾ ಹಸಿ ಸೆಗಣಿಯ ಜೊತೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಬೇರೆ ಬೇರೆ ದಿನ ಹಾಕಿ. ಪ್ಲಾಸ್ಟಿಕ್ ಸುಟ್ಟಿರಬಹುದು ಎಂಬ ಅನುಮಾನ ಇದ್ದ ಬೂದಿಯನ್ನು ತರಕಾರಿ ಪಾತಿಗೆ, ಬಾವಿಯ ಹತ್ತಿರಕ್ಕೆ ತರಬೇಡಿ.

ಗುಂಡಿಯನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವುದಾದರೆ ಮಕ್ಕಳು, ದನ ಬೀಳದಂತೆ ಮೇಲೆ ಗಟ್ಟಿ ಹಲಗೆ ಹಾಕಿ.